ಐಸ್ ಪ್ಲಾಂಟಿನ ಲೆಕ್ಕ

ಲಾಭ ಹದಿನಾಲ್ಕು ಲಕ್ಷ ಉಂಟಲ್ಲ ಮಾರಾಯ್ರೆ,
ಮತ್ತೆ ಕರೆಂಟು ಬಿಲ್ಲಿಗೆ ಹೆಂಡತಿಯ ಬಳೆ
ಅಡವಿಟ್ಟದ್ದು ಯಾಕೆ?

ಕರ್ಕೇರರು ಕಿಟಕಿಯಾಚೆ ಬಂದರಿಗೆ ಕೈ ತೋರಿಸಿದರು.
ಜುಲೈ. ಹಗ್ಗ ಬಿಗಿದು ನಿಂತ ಬೋಟುಗಳು,
ಒಂದೊಂದರ ಹೆಸರೂ ನನ್ನ ಬಾಕಿಪಟ್ಟಿಯಲ್ಲಿ:
ಮತ್ಸ್ಯಜ್ಯೋತಿ ಎರಡೂಕಾಲು, ಸಾಂತ್ ಪೇದ್ರು ಮೂರು,
ಅಲ್-ಬರಕ, ಆಚೆ ವರ್ಷದ್ದೂ ಸೇರಿ.

ಮಾರಿದ್ದು ಹೌದು, ಬಿಲ್ಲು ಉಂಟು.
ಬಂಗುಡೆಯ ಜೊತೆ ಹೋದ ಮಂಜುಗಡ್ಡೆ
ಕರಗಿ ಆರು ತಿಂಗಳು;
ಪುಸ್ತಕದಲ್ಲಿ ಮಾತ್ರ ಇನ್ನೂ ಗಟ್ಟಿ.

ಸವಕಳಿ ಕೂಡಿಸಿದೆ. ಏರಿದ ಬಾಕಿ ಕಳೆದೆ.
ದುಡಿಮೆಯಿಂದ ಬಂದ ನಗದು
ಸೊನ್ನೆಯ ಕೆಳಗೆ ಎರಡು ಲಕ್ಷ.

'ನಮ್ಮ ಕಂಪ್ರೆಸರೂ ಅಲ್ಲಿಯೇ ಮೇಡಂ,
ಸೊನ್ನೆಯ ಕೆಳಗೇ ದುಡಿಯುವುದು,'
ಎಂದು ನಕ್ಕು, ಚಾ ತರಿಸಿ,
ಸಹಿ ಹಾಕುತ್ತಾ ಮೆಲ್ಲಗೆ:

'ಆಗಸ್ಟಿಗೆ ಬೋಟು ಇಳಿಯಬೇಕಲ್ಲ,
ಮೊದಲ ಐಸು
ಉದ್ರಿಯೇ.'