ಮುಳ್ಳಿನ ಸೊನ್ನೆ

ಎಂಜಿನ್ ಆರಿಸು, ಲಿಂಬರ್ಟ್.
ಬೇಡ, ತಡೆ. ಓಡಿಬಂದವನು ಹಾಗೇ ಮಲಗಬಾರದು,
ಒಂದು ನಿಮಿಷ ಸುಮ್ಮನೆ ಉಸಿರಾಡಲಿ.
ಕಾದ ಎಣ್ಣೆ ನಿಂತಲ್ಲೇ ನಿಂತರೆ
ಬಾಣಲೆಯ ತಳದ ಹಾಗೆ ಕರಿ ಕಟ್ಟುತ್ತದೆ.

ಈಗ ಹೇಳು.
ಗುರುವಾರದ ಸಂತೆಯಲ್ಲಿ ಕೊಂಡದ್ದಲ್ಲವೇ ಇದು?
ಜಪಾನಿನಲ್ಲಿ ಹುಟ್ಟಿ, ಇಕೀಕೆಯಲ್ಲಿ ಹಡಗಿಳಿದು,
ಬಲಗಡೆಯ ಸ್ಟೀರಿಂಗು ಎಡಕ್ಕೆ ಬಂದು ಕೂತಿದೆ;
ಹಳೆಯ ತೂತಿನ ಮೇಲೆ ಯಾರೋ ಪುಣ್ಯಾತ್ಮ
ಕೋಪಕಬಾನಾ ಮಾತೆಯ ಚಿತ್ರ ಅಂಟಿಸಿದ್ದಾನೆ.

ಎಷ್ಟು ಬೇಕು ಅಂದೆ? ಒಂದು ಬಾರ್?
ಒಂದೂಕಾಲು?
ನಿನ್ನ ಗೆಳೆಯನ ಗಾಡಿಯಲ್ಲಿ ಒಂದೂವರೆ ಇದೆ, ಹೌದು.
ನಿನ್ನ ಗೆಳೆಯನ ಗಾಡಿ ನನ್ನ ಹಿತ್ತಲಲ್ಲಿದೆ,
ಬಾನೆಟ್ಟಿನೊಳಗೆ ಕೋಳಿ ಮೊಟ್ಟೆಯಿಡುತ್ತಿದೆ.

ಕಂಪನಿಯವರು ಕೊಟ್ಟದ್ದು ಅರ್ಧದ ಮೇಲೆ ಚೂರು.
ಜಿಪುಣತನವಲ್ಲ ಅದು.
ಕಿರುಬೆರಳಿಗಿಂತ ಸಣ್ಣ ಸರಳೊಂದು,
ತುದಿಗೊಂದು ಚಕ್ರ,
ಒಂದು ಬೆಂಕಿಯಲ್ಲಿ, ಒಂದು ಗಾಳಿಯಲ್ಲಿ;
ನಡುವೆ ಎಣ್ಣೆಯ ಪೊರೆ, ಈರುಳ್ಳಿ ಸಿಪ್ಪೆಗಿಂತ ತೆಳು.
ನಿಮಿಷಕ್ಕೆ ಲಕ್ಷ ಸುತ್ತು. ಲಕ್ಷದಲ್ಲಿ ಅದು ಹಾಡುತ್ತದೆ.
ಇನ್ನೂ ಅರ್ಧ ಲಕ್ಷ ಕೊಡು ಅಂದರೆ
ಅಂಚು ಗೋಡೆಯನ್ನು ಮುಟ್ಟುತ್ತದೆ.
ಒಂದೇ ಸಲ ಮುಟ್ಟುವುದು.

ದೋನ್ಯಾ ಸಾತುರ್ನಿನಾ ಹೆದರಿಸುತ್ತಾಳೆ ಅಂತ
ಎಲ್ ಆಲ್ಟೊ ತುಂಬ ಹೇಳಿಕೊಂಡು ಬಾ, ಬೇಸರವಿಲ್ಲ.
ಆದರೆ ಇದನ್ನೂ ಕೇಳಿ ಹೋಗು:
ಈ ಮುಳ್ಳು ಸುಳ್ಳು ಹೇಳುವುದಿಲ್ಲ,
ಪೂರ್ತಿ ಹೇಳುವುದೂ ಇಲ್ಲ.
ಹೊರಗಿಗಿಂತ ಒಳಗೆ ಎಷ್ಟು ಹೆಚ್ಚು, ಅಷ್ಟೇ ಅದರ ಲೆಕ್ಕ.
ಹೊರಗೆಷ್ಟಿದೆ ಎಂದು ಕೇಳಿದರೆ ಸೊನ್ನೆ ಅನ್ನುತ್ತದೆ.
ಇಲ್ಲೂ ಸೊನ್ನೆ, ಕಡಲ ದಡದಲ್ಲೂ ಸೊನ್ನೆ.

ಇಲ್ಲಿಯದು ಬಡವರ ಸೊನ್ನೆ.
ನಾಲ್ಕು ಸಾವಿರ ಮೀಟರ್ ಮೇಲೆ ಗಾಳಿ
ಮುಕ್ಕಾಲು ಪಾಲೂ ಇಲ್ಲ.
ಅದೇ ಅರ್ಧ ಬಾರ್ ತುಂಬಲು ಚಕ್ರ ಇಲ್ಲಿ
ಏದುಸಿರು ಬಿಟ್ಟು ಓಡುತ್ತದೆ,
ಫುಟ್‌ಬಾಲ್ ಆಡಲು ಬಂದ ಕಡಲೂರಿನ ಹುಡುಗರ ಹಾಗೆ.
ಇಲ್ಲಿ ಸಾಯುವುದು ಟರ್ಬೊ.
ಇಲ್ಲಿಗೆಂದು ಬಿಗಿದದ್ದನ್ನೇ ಅರಿಕಾಗೆ ಇಳಿಸಿದೆಯೋ,
ಅಲ್ಲಿಯದು ಉಂಡು ಮಲಗಿದ ಸೊನ್ನೆ.
ಅದರ ಹೊಟ್ಟೆಯ ಮೇಲೆ ನಿನ್ನ ಒಂದು ಬಾರ್ ಹೇರು,
ಅಲ್ಲಿ ಸಾಯುವುದು ಪಿಸ್ಟನ್.

ನಾನೂ ಒಮ್ಮೆ ಇಳಿದಿದ್ದೆ, ಹತ್ತೊಂಬತ್ತರಲ್ಲಿ,
ತಂಗಿಯ ಮದುವೆಗೆ ಬಟ್ಟೆ ತರಲು.
ರಾತ್ರಿಯಿಡೀ ನಿದ್ದೆಯಿಲ್ಲ.
ಗಾಳಿ ತಾನಾಗಿ ಬಂದು ಎದೆಯಲ್ಲಿ ಕೂರುತ್ತಿತ್ತು,
ಎಳೆದುಕೊಳ್ಳುವ ಕೆಲಸವೇ ಇಲ್ಲ.
ಇಷ್ಟು ಸಲೀಸಾಗಿ ಬದುಕುವವರೂ ಇದ್ದಾರಲ್ಲ ಅಂತ
ಸಿಟ್ಟು ಬಂತು.
ಬೆಳಿಗ್ಗೆ ಸಿಟ್ಟು ಹೋಗಿ ಹಸಿವಾಯಿತು, ಮೀನು ತಿಂದೆ.
ಬಿಡು.

ರಸೀದಿಗಳ ಮೇಲೆ ಕೂತಿದೆಯಲ್ಲ, ಎತ್ತಿ ನೋಡು.
ಅಂಚು ಒಡೆದಿದೆ, ಮಗು ಕಚ್ಚಿದ ಬಿಸ್ಕತ್ತಿನ ಹಾಗೆ.
ಒಡೆದವನು ನನ್ನ ಗಂಡ ಫೆಲಿಸಿಯಾನೊ.
ಒಳಗೆ ಯಾರೋ ಟಿಕ್ ಟಿಕ್ ಅಂತ ಕುಟ್ಟುವುದು
ಅವನಿಗೂ ಕೇಳಿಸಿತ್ತಂತೆ,
ರೇಡಿಯೊ ಜೋರು ಮಾಡಿದನಂತೆ.
ಈಗ ಮಿನಿಬಸ್ ಓಡಿಸುತ್ತಾನೆ.
ಟರ್ಬೊ ಇಲ್ಲದ್ದು.

ಅರ್ಧಕ್ಕಿಡುತ್ತೇನೆ. ಮೇಲೊಂದು ಚೂರು, ನಿನ್ನ ವಯಸ್ಸಿಗೆ.
ನಟ್ಟಿನ ಮೇಲೆ ಹಳದಿ ಬಣ್ಣ ಹಚ್ಚುತ್ತೇನೆ;
ನೀನು ತಿರುಗಿಸಿದರೆ ಬಿರುಕು ಬಿಡುತ್ತದೆ,
ನನಗೆ ಗೊತ್ತಾಗುತ್ತದೆ.
ಎಂಬತ್ತು ಬೊಲಿವಿಯಾನೊ. ಚಿಲ್ಲರೆ ಇಲ್ಲ.

ಹೋದ.
ಇಳಿಜಾರಿನ ಮೂರನೆಯ ತಿರುವಿನವರೆಗೂ
ಸಿಳ್ಳೆ ಕೇಳಿಸಿತು, ಆಮೇಲೆ ಕೋಳಿ.
ಬಣ್ಣದ ಡಬ್ಬಿ ಮುಚ್ಚಿಟ್ಟೆ.
ಈ ಚಳಿಯಲ್ಲಿ ಆರಲು ಎರಡು ಗಂಟೆಯಾದರೂ ಬೇಕು.
ಅಲ್ಲಿಯವರೆಗೆ ಹಸಿ ಬಣ್ಣ
ಯಾರು ಮುಟ್ಟಿದರೂ ಹೇಳುವುದಿಲ್ಲ.
ಅವನಿಗೆ ನಾನೂ ಹೇಳಲಿಲ್ಲ.