ನಾಡಿ ಎಣಿಸಿದ್ದು

ಮೂರು ನಿಮಿಷ ಮೆಟ್ಟಿಲು ಹತ್ತಿಳಿಸಿ
ಮೆಡಿಕಲ್ ಹುಡುಗಿ ನನ್ನ ಮಣಿಕಟ್ಟು ಹಿಡಿದಳು:
ನೂರ ಅರವತ್ತು.
"ಕೂತ್ಕೋ" ಅಂದಳು. ಅದೊಂದೇ ನನಗೆ ಬರೋದು.

ಕೋಚಿಂಗಿನ ಬೆಂಚು, ದಾವಣಗೆರೆ ಬಿಸಿಲಿಗೆ ಆಟೋ,
ರಾತ್ರಿ ದಿಂಬಿಗೊರಗಿ ಮೊಬೈಲು.
ಹೃದಯದ ಚಿತ್ರ ಮಾತ್ರ ಕಣ್ಣು ಮುಚ್ಚಿ ಬರೆಯುತ್ತೇನೆ,
ನಾಲ್ಕೂ ಕೋಣೆ, ಬಾಣದ ಗುರುತು ಸಮೇತ.

ಅಮ್ಮಿ ಮಂಡಕ್ಕಿ ಭಟ್ಟಿಯಿಂದ ಬಂದಳು,
ಸೆರಗಿನ ತುಂಬ ಹೊಗೆ.
ಮಾಳಿಗೆ ಹತ್ತಿಸಿ ಇಳಿಸಿ ಎಣಿಸಿದೆ:
ಎಂಬತ್ತೆಂಟು. ಆಗಲೇ ಇಳಿಯುತ್ತಿತ್ತು
ಒಲೆಯಿಂದ ತೆಗೆದಿಟ್ಟ ಹಾಲಿನ ಹಾಗೆ.
ಆಮೇಲೆ ಕೆಮ್ಮಿದಳು, ಬಹಳ ಹೊತ್ತು.
ಅದನ್ನೆಣಿಸುವುದು ನನಗಿನ್ನೂ ಯಾರೂ ಹೇಳಿಕೊಟ್ಟಿಲ್ಲ.

"ನಾಳೆಯಿಂದ ನಡೆದೇ ಹೋಗ್ತೀನಿ" ಅಂದೆ.
"ನೀ ಕೂತು ಓದ್ಲಿ ಅಂತಲ್ವೇನೇ
ನಾ ನಿಂತಿದ್ದು?"

ಬೆಳಗ್ಗೆ ನೋಡಿದರೆ
ಕಿತ್ತುಹೋದ ನನ್ನ ಚಪ್ಪಲಿಯ ಉಂಗುಟಕ್ಕೆ
ಮಂಡಕ್ಕಿ ಚೀಲ ಹೊಲಿಯುವ ದಾರ.