ಎರಡನೆಯ ಟಿಕೆಟ್ಟು

ಹ್ವೆ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ
ಅರಸರ ಬಾಗಿಲಿಗೆ ಜನರನ್ನು ತಂದು ಇಳಿಸಿದ್ದೇನೆ.
ಒಳಗೆ ಹೋದವನಲ್ಲ.
ಒಳಗಿನದು ಕ್ವಿಯೆನ್‌ಳ ಪಾಲು: ಅವಳ ಹಳದಿ ಕೊಡೆ,
ಅವಳ ಇಂಗ್ಲಿಷು, ದಿನಾ ಅದೇ ಮೆಟ್ಟಿಲ ಮೇಲೆ ಅದೇ ಚಟಾಕಿ.
ನನ್ನ ಪಾಲು ಕಾಡುಬಾದಾಮಿಯ ನೆರಳು,
ಏಳು ಸೀಟಿನ ಗಾಡಿ, ಐಸ್ ಪೆಟ್ಟಿಗೆ,
ಒದ್ದೆ ಟವೆಲ್ಲು ಸುರುಳಿ ಸುತ್ತಿಟ್ಟು ಕಾಯುವುದು.

ಲೆಕ್ಕ ನನಗೆ ಬಾಯಿಪಾಠ:
ಕೋಟೆಗೆ ಎರಡು ಗಂಟೆ, ಮಳೆ ಬಂದರೆ ಒಂದೂವರೆ.
ಬೆಟ್ಟದ ಮೇಲಿನ ಸಿಮೆಂಟಿನ ಸಮಾಧಿಗೆ ಮುಕ್ಕಾಲು,
ಮೊಣಕಾಲು ಸೋತವರಿದ್ದರೆ ಇನ್ನೊಂದು ಕಾಲು.
ಪೈನ್ ತೋಪಿನ, ಕೊಳದ ಸಮಾಧಿಗೆ ಒಂದು.
ಅರಸೊತ್ತಿಗೆ ನೂರ ನಲವತ್ತಮೂರು ವರ್ಷ ನಡೆಯಿತಂತೆ.
ನಾವದನ್ನು ಊಟದ ಹೊತ್ತೂ ಸೇರಿಸಿ
ಸಂಜೆ ನಾಲ್ಕಕ್ಕೆ ಮುಗಿಸಿ ಹೊಟೇಲಿಗೆ ಬಿಡುತ್ತೇವೆ.

ಇಂದು ಇಬ್ಬರೆಂದು ಬರೆದಿತ್ತು.
ಬಂದದ್ದು ಒಬ್ಬಳೇ, ಹಾಲೆಂಡಿನ ಮಾರೀಕೆ,
ಬಾಗಿಲಿಗೆ ತಲೆ ಬಗ್ಗಿಸಬೇಕಾದಷ್ಟು ಎತ್ತರ.
ಗಂಡ ನಿನ್ನೆ ರಾತ್ರಿ ಬೀದಿಬದಿಯ ಮರುವಾಯಿ ಅನ್ನಕ್ಕೆ
ನಮ್ಮವರ ಹಾಗೆ ಮೆಣಸು ಸುರಿದುಕೊಂಡು ಉಂಡು
ಬೆಳಗಿನಿಂದ ಬಚ್ಚಲುಮನೆಯಲ್ಲಿ ಸಿಂಹಾಸನ ಬಿಟ್ಟಿಳಿದಿಲ್ಲ.
ಕ್ವಿಯೆನ್ ಇದನ್ನು ನಮ್ಮ ಮಾತಿನಲ್ಲಿ ಹೇಳಿದಳು, ನಗದೆ.

ಪೈನ್ ತೋಪಿನ ಬಾಗಿಲಲ್ಲಿ
ಆ ಹೆಂಗಸು ಕಾಗದದ ತುಂಡೊಂದನ್ನು
ನನ್ನ ಕಿಟಕಿಯೊಳಕ್ಕೆ ಚಾಚಿದಳು.
ದುಡ್ಡು ಕೊಟ್ಟಾಗಿದೆ, ಸುಮ್ಮನೆ ಹಾಳು, ಎಂದಳೇನೋ.
ಬನ್ನಿ ದೊಡ್ಡಪ್ಪ, ಎಂದಳು ಕ್ವಿಯೆನ್.
ಗಾಡಿ ಕಾಯುವವರು ಯಾರು ಎಂದೆ.
ಇಪ್ಪತ್ತೆರಡು ವರ್ಷದಲ್ಲಿ ಯಾರು ಕದ್ದರು ಎಂದಳು.

ಚಪ್ಪಲಿ ಬಿಟ್ಟು ಡಿಕ್ಕಿಯಿಂದ
ವಿಮಾನ ನಿಲ್ದಾಣಕ್ಕೆ ಹಾಕುವ ಬೂಟು ತೆಗೆದೆ.

ಕಮಲದ ಕೊಳ. ಮೀನಿಗೆ ಪುರಿ ಮಾರುವ ಮುದುಕಿ
ಗುರುತು ಹಿಡಿದು ಕೂಗಿದಳು: ಏನೋ ಥ್ವಾನ್, ನೀನೂ ಪ್ರವಾಸಿಯೋ?
ಅರಸ ಕೂತು ಪದ್ಯ ಕಟ್ಟಿದ ಮರದ ಮಂಟಪ;
ಕಂಬದ ಮೇಲೆ ಮೊಳೆಯಲ್ಲಿ ಗೀಚಿದ ಇನ್ಯಾರದೋ ಪ್ರೀತಿ.
ಆನೆಗಿಂತ ಎತ್ತರದ ಕಲ್ಲು.
ತನ್ನ ತಪ್ಪುಗಳನ್ನೂ ಅದರಲ್ಲಿ ತಾನೇ ಬರೆಸಿದನಂತೆ.
ಇನ್ನೂ ಒಳಗೆ, ಗೋಡೆಯೊಳಗೆ ಗೋಡೆ,
ಕಲ್ಲಿನ ಪುಟ್ಟ ಮನೆಯಂಥದ್ದು.
ಕ್ವಿಯೆನ್ ಕೊಡೆ ಮಡಚಿದಳು.
ಅರಸ ಇಲ್ಲಿಲ್ಲ, ಎಂದಳು.
ಹೂತದ್ದು ಬೇರೆಲ್ಲೋ. ಹೂತವರು ಇನ್ನೂರು ಜನ,
ಬಾಯಿ ಬಿಡದಿರಲೆಂದು ಅವರ ತಲೆ ತೆಗೆದರು.
ಕಟ್ಟುಕಥೆಯೂ ಇರಬಹುದು.
ಇದನ್ನೂ ಅವಳು ದಿನಾ ಹೇಳುತ್ತಾಳೆ.
ನಾನು ಕೇಳಿದ್ದು ಇವತ್ತು.

ನನ್ನಣ್ಣ, ಹದಿನೇಳು ತುಂಬಿರಲಿಲ್ಲ,
ಅರವತ್ತೆಂಟರ ಹೊಸವರ್ಷದ ಹಬ್ಬಕ್ಕೆ
ಕೋಟೆಯೊಳಗಿನ ಸೋದರಮಾವನ ಮನೆಗೆ
ಅಂಟಕ್ಕಿಯ ಕಡುಬು ಕೊಟ್ಟು ಬರಲು ಹೋದ.
ಇಪ್ಪತ್ತೈದು ದಿನ ಗುಂಡು ಹಾರಿತು.
ಆಮೇಲೆ ಅವ್ವ ಹೊಂಡಹೊಂಡ ಇಣುಕಿದಳು,
ಕಾಲುಬೆರಳು ನೋಡಿ ಬೇರೆಯವರ ಮಕ್ಕಳನ್ನು ಬಿಟ್ಟು ಬಂದಳು.
ಕೊನೆಗೆ ಅವನ ಶಾಲೆಯ ಅಂಗಿ, ಒಂದು ಶಾಯಿ ಕುಡಿಕೆ
ಮರಳುದಿಣ್ಣೆಯಲ್ಲಿ ಹೂತಳು.
ಅಂಥದ್ದನ್ನು ನಮ್ಮಲ್ಲಿ ಗಾಳಿಗೋರಿ ಎನ್ನುತ್ತಾರೆ.
ಪ್ರತಿವರ್ಷ ಅದರ ಹುಲ್ಲು ಕೀಳುತ್ತೇನೆ,
ಒಂದು ಅಂಗಿಗೆ ಊದುಬತ್ತಿ ಹಚ್ಚುತ್ತಿದ್ದೇನಲ್ಲ ಎಂದು
ಪ್ರತಿವರ್ಷ ಅತ್ತಿತ್ತ ನೋಡುತ್ತೇನೆ.

ಇಲ್ಲಿ ಯಾರೂ ಅತ್ತಿತ್ತ ನೋಡಲಿಲ್ಲ.
ಇಲ್ಲದವನ ಮುಂದೆ ಟೋಪಿ ತೆಗೆದು ನಿಂತಿದ್ದರು,
ಸಾಲಾಗಿ, ಬೆವರುತ್ತ, ದುಡ್ಡು ಕೊಟ್ಟು.
ಅವನು ಅಡಗಿಕೊಂಡ. ನನ್ನಣ್ಣ ಕಳೆದುಹೋದ.
ಎರಡೂ ಒಂದಲ್ಲ, ಅಷ್ಟು ನನಗೂ ಗೊತ್ತು.
ಆದರೂ ಕಲ್ಲಿಗೆ ಕೈ ಇಟ್ಟೆ.
ಬಿಸಿಯಿತ್ತು. ಇರುವೆಗಳಿದ್ದವು.
ಮುಟ್ಟಬೇಡಿ ಎಂದು ಕಾವಲಿನವನು ಸೀಟಿ ಊದಿದ.

ಗಾಡಿಯಲ್ಲಿ ಟವೆಲ್ಲು ಕೊಟ್ಟೆ. ಐಸು ಕರಗಿತ್ತು.
ಹೇಗಿತ್ತು, ಕೇಳು ಅವರನ್ನು, ಎಂದಳು ಮಾರೀಕೆ.
ಮೆಟ್ಟಿಲು ಕಡಿಮೆ, ಒಳ್ಳೆಯದಾಯಿತು, ಎಂದೆ.
ಕ್ವಿಯೆನ್ ಅದನ್ನು ಏನೆಂದು ದಾಟಿಸಿದಳೋ,
ಆ ಹೆಂಗಸು ಕನ್ನಡಿಯಲ್ಲಿ ನನ್ನನ್ನು
ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಸೇತುವೆಯಾಚೆ ಒಬ್ಬಳು ಗಂಜಿ ಮಾಡುತ್ತಾಳೆ,
ಉಪ್ಪು ಬಿಟ್ಟು ಬೇರೇನೂ ಹಾಕದೆ.
ಅಲ್ಲಿ ನಿಲ್ಲಿಸಿ ಒಂದು ಡಬ್ಬಿ ಕಟ್ಟಿಸಿದೆ, ಗಂಡನಿಗೆ.
ಆರುವ ಮೊದಲು ಹೊಟೇಲು ಮುಟ್ಟಬೇಕು.
ನದಿಯ ದಾರಿ ಬಿಟ್ಟು
ಒಳದಾರಿ ಹಿಡಿದೆ.